ಬಾತುಕೋಳಿಯ ಉಳಿದರ್ಧ

ಹೆಸರು: ಗುರುತಿನ ಚೀಟಿಯಲ್ಲಿ ಇರುವಂತೆ. ಮನೆಯಲ್ಲಿ ಪುಟ್ಟಿ, ಆಫೀಸಿನಲ್ಲಿ ಮೆಶ್ ಮೇಡಂ. ವಯಸ್ಸು: ಇಪ್ಪತ್ತೊಂಬತ್ತು. ಕಸುಬು: ಯಂತ್ರಭಾಗಗಳ ವಿನ್ಯಾಸದ ಕಚೇರಿಯೊಂದರಲ್ಲಿ ಸಿಮ್ಯುಲೇಷನ್ ಎಂಜಿನಿಯರ್. ವಾಸ: ಬಸ್ ಡಿಪೋ ಹಿಂದಿನ ಬೀದಿ, ಬೇಕರಿಯ ಮೇಲಿನ ಮಹಡಿ, ಬಾಡಿಗೆ ಕೋಣೆ.

ಮೇಲ್ಕಂಡ ನಾನು ಈ ದಿನ ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಹಾಜರಾಗಿ, ಠಾಣಾಧಿಕಾರಿಗಳ ಎದುರು ಕುಳಿತು ತಿಳಿಸುವುದೇನೆಂದರೆ, ಮಕ್ಕಳ ಉದ್ಯಾನದ ಬಾತುಕೋಳಿಯ ಬಲಭಾಗವನ್ನು ನಮ್ಮ ತಂದೆಯವರು ಕದ್ದಿಲ್ಲ. ಕದ್ದೆ ಎಂದು ಅವರೇ ಮೂರು ದಿನಗಳಿಂದ ಹೇಳುತ್ತಿದ್ದರೂ ಕದ್ದಿಲ್ಲ. ಸದರಿ ಬಲಭಾಗವನ್ನು ಯಾರೂ ಕದ್ದಿಲ್ಲ. ಏಕೆಂದರೆ ಅದು ಇನ್ನೂ ಹುಟ್ಟಿಯೇ ಇಲ್ಲ.

ನನ್ನ ಕೆಲಸ ಏನೆಂದು ಅಧಿಕಾರಿಗಳು ಎರಡು ಸಲ ಕೇಳಿದ್ದರಿಂದ ಅದನ್ನು ಮೊದಲು ಬರೆಸುತ್ತಿದ್ದೇನೆ. ಯಾವುದೇ ವಸ್ತುವನ್ನು ನಿಜವಾಗಿ ಮಾಡುವ ಮುಂಚೆ ಅದರ ರೇಖೆಯನ್ನು ನಾನು ಕಂಪ್ಯೂಟರಿನಲ್ಲಿ ಬರೆಯುತ್ತೇನೆ. ಆ ರೇಖೆಯನ್ನು ಎಳೆದು, ತಿರುಗಿಸಿ, ಮೈಕೈ ತುಂಬಿದ ಘನಾಕೃತಿ ಮಾಡುತ್ತೇನೆ. ಆಮೇಲೆ ಆ ಆಕೃತಿಯನ್ನು ಸಣ್ಣ ಸಣ್ಣ ತುಂಡುಗಳಾಗಿ ಒಡೆಯುತ್ತೇನೆ. ಇದಕ್ಕೆ ಮೆಶ್ ಮಾಡುವುದು ಎನ್ನುತ್ತಾರೆ. ಒಂದೊಂದು ತುಂಡಿನ ಮೇಲೂ ಎಷ್ಟು ಭಾರ ಬೀಳುತ್ತದೆಂದು ಕಂಪ್ಯೂಟರು ಲೆಕ್ಕ ಹಾಕಿ, ಮುರಿಯುವ ಜಾಗವನ್ನು ಕೆಂಪಗೆ ತೋರಿಸುತ್ತದೆ. ನಮ್ಮಕ್ಕ ಇದನ್ನು ಗೊಂಬೆ ಬರೆಯುವುದು ಎಂದು ಕರೆಯುತ್ತಾಳೆ. ಹೇಳಿಕೆ ಬರೆದುಕೊಳ್ಳುತ್ತಿರುವ ಪೇದೆಯವರು ಈ ಜಾಗದಲ್ಲಿ ನಕ್ಕರು. ಅದನ್ನೂ ಬರೆದುಕೊಳ್ಳಲಿ ಎಂದೆ.

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಊರಿನ ಆಚೆ ತುದಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡಿದ್ದಾರೆ. ನಮ್ಮ ತಂದೆಯವರು ಅವರ ಜೊತೆಯಲ್ಲೇ ಇದ್ದು, ಅಲ್ಲಿ ತಯಾರಾದ ಗೇಟು, ಕಪಾಟುಗಳನ್ನು ತಮ್ಮ ಹಳೆಯ ವ್ಯಾನಿನಲ್ಲಿ ಗಿರಾಕಿಗಳಿಗೆ ಮುಟ್ಟಿಸುತ್ತಾರೆ. ಹೋದ ತಿಂಗಳು ಮಕ್ಕಳ ಉದ್ಯಾನದ ಸಮಿತಿಯ ಅಧ್ಯಕ್ಷರು ಭಾವನಿಗೆ ಒಂದು ಕೆಲಸ ಒಪ್ಪಿಸಿದರು. ಇವರು ನಿವೃತ್ತ ಮುಖ್ಯೋಪಾಧ್ಯಾಯರು, ಎಲ್ಲರ ಬಾಯಲ್ಲೂ ದೊಡ್ಡಮೇಷ್ಟ್ರು. ಅವರಿಗೆ ಬೇಕಾಗಿದ್ದದ್ದು ಆಳೆತ್ತರಕ್ಕಿಂತ ದೊಡ್ಡದಾದ ತಗಡಿನ ಹಳದಿ ಬಾತುಕೋಳಿ. ಮಕ್ಕಳು ಬಾಲದ ಕಡೆಯಿಂದ ಏಣಿ ಹತ್ತಿ ಹೊಟ್ಟೆಯೊಳಗೆ ಹೋಗಬೇಕು, ಎದೆಯ ಕಡೆಯಿಂದ ಜಾರುಬಂಡೆಯಲ್ಲಿ ಇಳಿಯಬೇಕು. ಬರುವ ಭಾನುವಾರ ಉದ್ಘಾಟನೆ.

ಭಾವ ನನ್ನ ಕೋಣೆಗೆ ಬಂದು ಹೀಗೆಂದರು. ಆಡಿದ ಮಾತನ್ನು ಆಡಿದಂತೆಯೇ ಹೇಳಲು ಅಧಿಕಾರಿಗಳು ಸೂಚಿಸಿದ್ದರಿಂದ ಹಾಗೆಯೇ ಹೇಳುತ್ತಿದ್ದೇನೆ. “ಪುಟ್ಟಿ, ಹನ್ನೆರಡು ಮಕ್ಕಳು ಒಟ್ಟಿಗೆ ಹತ್ತಿದ್ರೂ ಕೋಳಿ ಬೀಳಬಾರ್ದಂತೆ. ದೊಡ್ಡಮೇಷ್ಟ್ರಿಗೆ ನನ್ನ ಬಾಯಿಮಾತು ಸಾಲ್ದು. ನೀನೇ ಚಿತ್ರ ಬರೆದು, ನಿನ್ನ ಕಂಪ್ಯೂಟರ್ ಕೈಲಿ ಒಂದು ಮಾತು ಹೇಳಿಸ್ಬಿಡು.”

ಇಲ್ಲಿ ಒಂದು ವಿಷಯ ಬರೆದುಕೊಳ್ಳಬೇಕು. ನಮ್ಮ ಆಫೀಸಿನ ಸಾಫ್ಟ್‌ವೇರಿನಲ್ಲಿ ಹೊರಗಿನ ಕೆಲಸ ಮಾಡಬಾರದೆಂದು ಕಟ್ಟುನಿಟ್ಟು ಇದೆ. ಹೋದ ವರ್ಷ ನನ್ನ ಪಕ್ಕದ ಮೇಜಿನವರು ತಮ್ಮ ಮನೆಯ ಬಾಲ್ಕನಿ ಕಂಬಿ ಗಟ್ಟಿಯಿದೆಯೇ ಎಂದು ಅದರಲ್ಲಿ ನೋಡಿದ್ದಕ್ಕೆ ಅದೇ ಸಂಜೆ ಕೆಲಸ ಕಳೆದುಕೊಂಡರು. ಕಂಬಿ ಗಟ್ಟಿಯಿತ್ತು. ಈ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅದಕ್ಕೇ ತಂದೆಯವರು ಫೋನಿನಲ್ಲಿ ನನಗೆ ಬೇಡವೆಂದರು. “ಕೋಳಿ ಬಿದ್ರೆ ಮತ್ತೆ ನಿಲ್ಲಿಸಬಹುದು ಮಗಳೇ, ನಿನ್ನ ಕೆಲಸ ಹೋದ್ರೆ?” ಎಂದು ಕೇಳಿದರು. ನಾನು ಮಾತು ಕೇಳಲಿಲ್ಲ. ಭಾವನಿಗೆ ಇಲ್ಲವೆನ್ನಲು ನನಗೆ ಬಾಯಿ ಬರುವುದಿಲ್ಲ. ನಾನು ಕಾಲೇಜಿಗೆ ಹೋಗುವಾಗ ಸೈಕಲ್ಲಿನ ಹಿಂದೆ ಪುಸ್ತಕ ಇಡಲು ಪೆಟ್ಟಿಗೆ ಮಾಡಿಕೊಟ್ಟವರು ಅವರು.

ಊಟದ ವಿರಾಮದಲ್ಲಿ ಕುಳಿತು ಬಾತುಕೋಳಿ ಬರೆದೆ. ಬಾತುಕೋಳಿ ಬರೆಯುವುದು ಸುಲಭ, ಮೆಶ್ ಮಾಡುವುದು ಪ್ರಾಣಸಂಕಟ. ಕೊಕ್ಕಿನ ತುದಿ ಚೂಪಾದ್ದರಿಂದ ಅಲ್ಲಿ ತುಂಡುಗಳು ಸಾಸಿವೆಯಷ್ಟು ಸಣ್ಣದಾಗಿ ಲೆಕ್ಕವಿಲ್ಲದಷ್ಟು ಹುಟ್ಟಿಕೊಂಡವು. ಕಂಪ್ಯೂಟರಿನ ಫ್ಯಾನು ಜೋರಾಗಿ ಕೂಗತೊಡಗಿತು. ಅದನ್ನು ಕೇಳಿ ನಮ್ಮ ಆಫೀಸಿನ ಮುಖ್ಯಸ್ಥರು ಹಿಂದೆ ಬಂದು ನಿಂತು, ಅದೇನೆಂದು ಕೇಳಿದರು. ಪಂಪ್ ಎಂದೆ. ಅವರು ಕನ್ನಡಕ ಏರಿಸಿ ನೋಡಿ, ಪಂಪಿನ ಬಾಯಿ ತೀರಾ ಚೂಪಾಯಿತು, ಸ್ವಲ್ಪ ಮೊಂಡು ಮಾಡು ಎಂದು ಸಲಹೆ ಕೊಟ್ಟು ಹೋದರು. ಸಲಹೆ ಸರಿಯಾಗಿತ್ತು. ಕೊಕ್ಕನ್ನು ಮೊಂಡು ಮಾಡಿದೆ.

ಆದರೂ ಕಂಪ್ಯೂಟರು ಒಪ್ಪಲಿಲ್ಲ. ಆಗ ನಮ್ಮ ಕಸುಬಿನವರೆಲ್ಲ ಮಾಡುವುದನ್ನೇ ನಾನೂ ಮಾಡಿದೆ. ಎಡಕ್ಕೂ ಬಲಕ್ಕೂ ಒಂದೇ ಸಮ ಇರುವ ವಸ್ತುವನ್ನು ಇಡಿಯಾಗಿ ಲೆಕ್ಕ ಹಾಕುವುದು ದಂಡ. ಅದನ್ನು ಮೂಗಿನ ನೇರಕ್ಕೆ ಸೀಳಿ ಒಂದರ್ಧವನ್ನು ಅಳಿಸಿ, ಸೀಳಿದ ಕಡೆ ಕನ್ನಡಿ ಇದೆ ಎಂದುಕೋ ಎಂದು ಕಂಪ್ಯೂಟರಿಗೆ ಹೇಳಿದರೆ, ಅದು ಅರ್ಧದ ಲೆಕ್ಕ ಮಾಡಿ ಪೂರ್ತಿಯ ಉತ್ತರ ಕೊಡುತ್ತದೆ. ನಮ್ಮಲ್ಲಿ ಇದು ದಿನಬೆಳಗಾದರೆ ನಡೆಯುವ ವಿಷಯ. ಅರ್ಧ ಪೈಪು, ಅರ್ಧ ಚಕ್ರ, ಕಾಲು ಟ್ಯಾಂಕು. ಉಳಿದದ್ದೆಲ್ಲಿ ಎಂದು ಯಾರೂ ಕೇಳುವುದಿಲ್ಲ. ಕೇಳದೆಯೇ ಹಾಗೇ ಮಾಡಿ ನಿಲ್ಲಿಸುವವರೂ ಪ್ರಪಂಚದಲ್ಲಿದ್ದಾರೆ ಎಂಬುದು ನನಗೆ ಹೊಳೆಯಲಿಲ್ಲ.

ಬಾತುಕೋಳಿ ಎಲ್ಲ ಕಡೆ ನೀಲಿಯಾಗಿ, ಅಂದರೆ ಗಟ್ಟಿಯಾಗಿ, ಕತ್ತಿನಲ್ಲಿ ಮಾತ್ರ ಕೆಂಪಾಯಿತು. ಭಾವನಿಗೆ ನಾನು ಮೊದಲೇ ಪೂರ್ತಿ ಬಾತುಕೋಳಿಯ ಚಿತ್ರ ಕಳುಹಿಸಿದ್ದೆ. ಅದನ್ನು ಅವರು ದೊಡ್ಡಮೇಷ್ಟ್ರಿಗೆ ಕೊಟ್ಟು ಒಪ್ಪಿಗೆ ಪಡೆದಿದ್ದರು. ಈಗ ಕೆಂಪಾದ ಜಾಗ ಕಾಣಲಿ ಎಂದು ಅರ್ಧದ ಚಿತ್ರವನ್ನು ಅಳತೆಗಳ ಸಮೇತ ಕಳುಹಿಸಿ, ಕತ್ತಿನ ಹತ್ತಿರ ದಪ್ಪ ತಗಡು ಹಾಕಿ ಎಂದು ತಿಳಿಸಿದೆ. ಸಿಕ್ಕಿತು ಎಂದು ಭಾವ ಉತ್ತರ ಕೊಟ್ಟರು. ನಾನು ಊಟದ ಡಬ್ಬಿ ಮುಚ್ಚಿ ನನ್ನ ನಿಜವಾದ ಪಂಪಿನ ಕೆಲಸಕ್ಕೆ ಕುಳಿತೆ.

ಮುಂದಿನದು ಅಕ್ಕ ಮತ್ತು ಭಾವ ನನಗೆ ಹೇಳಿದ್ದು. ಎರಡನೆಯ ಚಿತ್ರ ಬಂದಾಗ ಭಾವ ಅದನ್ನು ತಿದ್ದುಪಡಿ ಎಂದು ತಿಳಿದರು. ಮೊದಲು ಪೂರ್ತಿ ಬರೆದಳು, ಪರೀಕ್ಷೆ ಮಾಡಿ ನೋಡಿದಳು, ಅರ್ಧ ಸಾಕು ಎಂದು ತೀರ್ಮಾನಿಸಿದಳು. ಅವರ ತರ್ಕದಲ್ಲಿ ನನಗೆ ಒಂದೇ ಒಂದು ದೋಷವೂ ಕಾಣುತ್ತಿಲ್ಲ. ಉದ್ಯಾನದ ಗೋಡೆಗೆ ಆನಿಸಿ ನಿಲ್ಲಿಸುವುದಕ್ಕಿರಬೇಕು, ತಗಡೂ ಉಳಿಯಿತು ಎಂದು ಅವರು ನನ್ನ ಬುದ್ಧಿಯನ್ನು ಮೆಚ್ಚಿಕೊಂಡರು. ಹಾಗಾಗಿ ಒಂದು ಕಣ್ಣು, ಒಂದು ರೆಕ್ಕೆ, ಅರ್ಧ ಕೊಕ್ಕು. ಏಣಿಯ ಮೆಟ್ಟಿಲು ಒಂದು ಪಾದ ಇಡುವಷ್ಟು. ಜಾರುಬಂಡೆಯ ಅಗಲವೂ ಅರ್ಧ. ಮಗು ಒಂದು ಪಕ್ಕ ಊರಿ, ಇನ್ನೊಂದು ಪಕ್ಕ ಗಾಳಿಯಲ್ಲಿ ಬಿಟ್ಟು ಜಾರಬೇಕು. ಇಬ್ಬಿಬ್ಬರು ಒಟ್ಟಿಗೆ ನುಗ್ಗದಿರಲಿ ಎಂದು ಪುಟ್ಟಿ ಹೀಗೆ ಮಾಡಿದ್ದಾಳೆ ಎಂದು ಅದಕ್ಕೂ ಅವರೇ ಕಾರಣ ಹುಡುಕಿದರು.

ಅಕ್ಕನಿಗೆ ಮಾತ್ರ ಅನುಮಾನ ಬಂತು. “ಏನ್ರೀ ಇದು, ಮೀನು ಸೀಳಿದ ಹಾಗೆ ಸೀಳಿಟ್ಟಿದೀರಲ್ಲ?” ಎಂದಳು. ಭಾವ ಗ್ರೈಂಡರ್ ನಿಲ್ಲಿಸಿ, “ಓದಿದೋರು ಬರೆದಿದ್ದು ಕಣೇ. ಸುಮ್ನಿರು,” ಎಂದರು. ಎತ್ತು ಕರು ಹಾಕಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯಲ್ಲ ನಮ್ಮ ಭಾವ. ಬೇರೆ ಯಾರು ಹೇಳಿದರೂ ಹತ್ತು ಸಲ ಕೇಳುತ್ತಾರೆ. ನಾನು ಹೇಳಿದರೆ ಮಾತ್ರ ಕೊಟ್ಟಿಗೆ ತೊಳೆದು ಹಗ್ಗ ಹಿಡಿದು ನಿಲ್ಲುತ್ತಾರೆ.

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಸದರಿ ಬಾತುಕೋಳಿಯನ್ನು ವ್ಯಾನಿಗೆ ಏರಿಸಿದರು. ಸಾಮಾನಿನ ಚೀಟಿಯಲ್ಲಿ ಅರ್ಧ ಎಂದು ಬರೆಯಲು ಅಕ್ಕನಿಗೆ ನಾಚಿಕೆಯಾಗಿ, ಬಾತುಕೋಳಿ ಒಂದು ಎಂದು ಬರೆದಳು. ಅಂಗಡಿಯಿಂದ ಉದ್ಯಾನಕ್ಕೆ ನಾಲ್ಕು ಕಿಲೋಮೀಟರ್. ಕಾಲು ಗಂಟೆಯ ದಾರಿಗೆ ತಂದೆಯವರು ಒಂದು ಗಂಟೆ ತೆಗೆದುಕೊಂಡಿದ್ದು ಏಕೆ ಎಂಬುದೇ ಅವರ ಮೇಲಿನ ಮುಖ್ಯ ಅನುಮಾನ ಎಂದು ಅಧಿಕಾರಿಗಳು ಹೇಳಿದರು. ಕಾರಣ ಇಷ್ಟೇ. ಟೀ ಅಂಗಡಿಯ ಮುಂದೆ ವ್ಯಾನು ನಿಂತಾಗ ಅಲ್ಲಿದ್ದವರು, ಯಜಮಾನರೇ, ಉಳಿದರ್ಧ ತಿಂದುಬಿಟ್ಟಿರಾ ಎಂದು ನಗಾಡಿದರು. ತಂದೆಯವರು ಟೀ ಕೆಳಗಿಟ್ಟು ಜಗಳಕ್ಕೆ ನಿಂತರು. “ನನ್ನ ಮಗಳು ಬರೆದಿದ್ದು ಇದು. ಅವಳಿಗೆ ಗೊತ್ತಿಲ್ದೇ ಇರೋದು ನಿಮಗೆ ಗೊತ್ತೇನ್ರೋ?” ಎಂದು ಕೇಳಿದರಂತೆ. ಟೀ ಅಂಗಡಿಯವರನ್ನು ವಿಚಾರಿಸಿದರೆ ತಿಳಿಯುತ್ತದೆ. ನನ್ನ ಕೆಲಸ ಏನೆಂದು ಅಲ್ಲಿದ್ದ ಅಷ್ಟೂ ಜನಕ್ಕೆ ತಂದೆಯವರು ವಿವರಿಸಿದ್ದಾರೆ, ಪೂರ್ತಿ ತಪ್ಪು ತಪ್ಪಾಗಿ.

ಉದ್ಯಾನದ ಗೇಟಿನಲ್ಲಿ ವ್ಯಾನು ನಿಂತಾಗ ಬಾತುಕೋಳಿಯ ಎಡಗಡೆ ದೊಡ್ಡಮೇಷ್ಟ್ರ ಕಡೆಗಿತ್ತು. ಹಳದಿ ರೆಕ್ಕೆ, ಕಪ್ಪು ಕಣ್ಣು ನೋಡಿ ಅವರು ಭೇಷ್ ಎಂದರು. ಆಮೇಲೆ ಹಿಂದಿನಿಂದ ಸುತ್ತಿ ಆ ಕಡೆ ಹೋದರು. ಆ ಕಡೆ ಬಾತುಕೋಳಿ ಇರಲಿಲ್ಲ. ಅವರು ಜೇಬಿನಿಂದ ತಾವು ಮೊದಲು ಒಪ್ಪಿದ್ದ ಚಿತ್ರವನ್ನು ತೆಗೆದು ತಂದೆಯವರ ಮುಖಕ್ಕೆ ಹಿಡಿದರು. ಅದರಲ್ಲಿ ಎರಡು ಕಣ್ಣು, ಎರಡು ರೆಕ್ಕೆ ಇತ್ತು. “ಚೀಟೀಲಿ ಒಂದು ಅಂತಿದೆ, ಬಂದಿರೋದು ಅರ್ಧ. ದಾರೀಲಿ ಯಾವ ಗುಜರಿಗೆ ಹಾಕ್ದೆ ಹೇಳಯ್ಯಾ,” ಎಂದು ಗದರಿಸಿ, ನೇರ ಇದೇ ಠಾಣೆಗೆ ಬಂದು ಅರ್ಧ ಬಾತುಕೋಳಿ ಕಳವಾಗಿದೆ ಎಂದು ದೂರು ಕೊಟ್ಟರು.

ಆ ಚಿತ್ರ ನೋಡಿದ ಕ್ಷಣವೇ ಎಡವಟ್ಟಾಗಿದ್ದು ನನ್ನ ಚಿತ್ರದಿಂದ ಎಂದು ತಂದೆಯವರಿಗೆ ಅರ್ಥವಾಗಿದೆ. ಇದು ಹೀಗೇ ತಯಾರಾಗಿದ್ದು ಎಂದರೆ ಬರೆದವರು ಯಾರು ಎಂಬ ಪ್ರಶ್ನೆ ಬರುತ್ತದೆ. ಬರೆದವರು ಯಾರು ಎಂದರೆ ಯಾವ ಕಂಪ್ಯೂಟರಿನಲ್ಲಿ ಎಂಬ ಪ್ರಶ್ನೆ ಬರುತ್ತದೆ. ಆಮೇಲೆ ನನ್ನ ಮೇಜೂ ಖಾಲಿ. ಅಷ್ಟು ದೂರ ಯೋಚಿಸಿ ಅವರು ಅಧಿಕಾರಿಗಳ ಮುಂದೆ ಕೈಮುಗಿದು, ನಾನೇ ಕದ್ದೆ ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಇವರು ಕುಂಬಳಕಾಯಿಯೇ ಬೆಳೆಯದ ಹೊಲಕ್ಕೆ ಹೋಗಿ ಹೆಗಲು ತೋರಿಸಿದವರು. ಬಲಭಾಗವನ್ನೇ ಏಕೆ ಕದ್ದೆ ಎಂದು ಅಧಿಕಾರಿಗಳು ಕೇಳಿದ್ದಕ್ಕೆ, ಅದೇ ಕೈಗೆ ಸಿಕ್ಕಿತು ಎಂದಿದ್ದಾರೆ. ಯಾರಿಗೆ ಮಾರಿದೆ ಎಂದಿದ್ದಕ್ಕೆ, ವಯಸ್ಸಾಯಿತು, ಮರೆತುಹೋಯಿತು ಎಂದಿದ್ದಾರೆ.

ಪೊಲೀಸಿನವರು ಎರಡು ಗುಜರಿ ಅಂಗಡಿ ಶೋಧಿಸಿದರು. ಹಿಂದೆ ದೊಡ್ಡಮೇಷ್ಟ್ರ ಮನೆಯಿಂದ ಕಳವಾಗಿದ್ದ ನೀರಿನ ಕೊಡ ಸಿಕ್ಕಿತು. ಬಾತುಕೋಳಿ ಸಿಗಲಿಲ್ಲ. ತಂದೆಯವರ ವಯಸ್ಸು ನೋಡಿ ಸಂಜೆ ಮನೆಗೆ ಬಿಟ್ಟು, ಬೆಳಿಗ್ಗೆ ಬಂದು ಬೆಂಚಿನ ಮೇಲೆ ಕೂರಬೇಕೆಂದು ಹೇಳಿದರು. ಅವರು ಬುಧವಾರವೂ ಇಂದು ಗುರುವಾರವೂ ಇಸ್ತ್ರಿ ಮಾಡಿದ ಅಂಗಿ ಹಾಕಿ, ಬುತ್ತಿ ಕಟ್ಟಿಸಿಕೊಂಡು, ಹೊಸ ಕೆಲಸಕ್ಕೆ ಸೇರಿದವರ ಹಾಗೆ ವೇಳೆಗೆ ಸರಿಯಾಗಿ ಬಂದಿದ್ದಾರೆ. ಮೂವತ್ತು ವರ್ಷ ಊರಿನ ಸಾಮಾನು ಹೊತ್ತವರು, ಒಂದು ಬೋಲ್ಟು ಕಡಿಮೆಯಾದರೂ ವಾಪಸು ಹೋಗಿ ಹುಡುಕಿದವರು. ಅವರನ್ನು ದಾರಿಯಲ್ಲಿ ಹೋಗುವವರು ಕೋಳಿಕಳ್ಳ ಎಂದು ಕೂಗಿದರೆಂದು ಅಕ್ಕ ಹೇಳಿದಳು. ಇದನ್ನು ಬರೆಸುವಾಗ ನನಗೆ ಅಳು ಬಂತು. ಪೇದೆಯವರು ನೀರು ಕೊಟ್ಟರು.

ನನಗೆ ವಿಷಯ ತಿಳಿದದ್ದು ಇಂದು ಬೆಳಿಗ್ಗೆ. ಅಕ್ಕ ಫೋನು ಮಾಡಿ, “ನಿಂಗೆ ಹೇಳ್ಬಾರ್ದು ಅಂತ ಅಪ್ಪ ನನ್ನ ಕೈಲಿ ಆಣೆ ಹಾಕ್ಸಿದಾರೆ. ಅದಕ್ಕೆ ನಾನು ಹೇಳ್ತಾ ಇಲ್ಲ. ನೀನೇ ಒಂದೊಂದಾಗಿ ಕೇಳು, ಸರಿಯಾಗಿದ್ರೆ ಹೂಂ ಅಂತೀನಿ,” ಎಂದಳು. ಅಪ್ಪನಿಗೆ ಹುಷಾರಿಲ್ಲವೇ ಎಂದೆ. ಸುಮ್ಮನಿದ್ದಳು. ವ್ಯಾನು ಎಲ್ಲಾದರೂ ಗುದ್ದಿತೇ ಎಂದೆ. ಸುಮ್ಮನಿದ್ದಳು. ಪೊಲೀಸೇ ಎಂದೆ. ಹೂಂ ಎಂದಳು. ಅಪ್ಪನಿಗೂ ಪೊಲೀಸಿಗೂ ಏನು ಸಂಬಂಧ, ಬಾತುಕೋಳಿ ತಲುಪಿಸಲು ಹೋಗಿದ್ದರಲ್ಲ ಎಂದೆ. ಎರಡು ಸಲ ಹೂಂ ಎಂದಳು. ಅಲ್ಲಿಂದ ಮುಂದೆ ಆಣೆ ಗೀಣೆ ಎಲ್ಲ ಮರೆತು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ನನಗೆ ಮೊದಲು ಎಲ್ಲರ ಮೇಲೂ ಸಿಟ್ಟು ಬಂತು. ಆಫೀಸಿನಲ್ಲಿ ಯಾರಿಗೂ ಹೇಳದೆ ಎದ್ದು ಬಂದೆ.

ಠಾಣೆಯ ಅಂಗಳಕ್ಕೆ ಬಂದಾಗ ಅಲ್ಲಿ ಎರಡು ಬಾತುಕೋಳಿ ಭಾಗಗಳಿದ್ದವು. ಒಂದು, ಮಂಗಳವಾರ ವಶಪಡಿಸಿಕೊಂಡದ್ದು. ಇನ್ನೊಂದನ್ನು ಭಾವ ಆಗತಾನೇ ಇಳಿಸಿ, ಮೋರಿಯಲ್ಲಿ ಬಿದ್ದಿತ್ತು, ಸಿಕ್ಕಿತು, ಮಾವನನ್ನು ಬಿಟ್ಟುಬಿಡಿ ಎಂದು ಅಧಿಕಾರಿಗಳಿಗೆ ಹೇಳುತ್ತಿದ್ದರು. ಅಧಿಕಾರಿಗಳು ಅದರ ಮೇಲೆ ಕೈಯಿಟ್ಟರು. ಕೈ ಹಳದಿಯಾಯಿತು. ಮೂರು ದಿನ ಮೋರಿಯಲ್ಲಿದ್ದ ಮಾಲಿನ ಬಣ್ಣ ಇನ್ನೂ ಹಸಿಯಾಗಿತ್ತು.

ಮಾವನನ್ನು ಬಿಡಿಸಲು ಭಾವ ಎರಡು ದಿನ ಬೇರೆಲ್ಲ ಕೆಲಸ ನಿಲ್ಲಿಸಿ ಉಳಿದರ್ಧವನ್ನು ಮಾಡಿ ತಂದಿದ್ದರು. ಆದರೆ ಅವಸರದಲ್ಲಿ ಅದೇ ಚಿತ್ರವನ್ನು ಎದುರಿಗಿಟ್ಟುಕೊಂಡು, ಅದೇ ಅಚ್ಚಿನ ತಗಡುಗಳನ್ನು ಮೊದಲಿನ ಹಾಗೆಯೇ ಬಗ್ಗಿಸಿದ್ದರು. ನಾಲ್ಕು ಜನ ಪೇದೆಗಳು ಹಿಡಿದು ಎರಡನ್ನೂ ಸೀಳಿದ ಕಡೆಗಳು ಸೇರುವಂತೆ ಕೂಡಿಸಿದಾಗ ಇದರ ಕೊಕ್ಕು ಅದರ ಬಾಲಕ್ಕೆ ಬಂತು, ಅದರ ಕೊಕ್ಕು ಇದರ ಬಾಲಕ್ಕೆ. ಎರಡೂ ಎಡಭಾಗ. ಭಾವ ಅದರ ಸುತ್ತ ಒಂದು ಸುತ್ತು ಹಾಕಿ, ತಲೆ ಮೇಲೆ ಕೈ ಹೊತ್ತು ಮೆಟ್ಟಿಲ ಮೇಲೆ ಕುಳಿತರು. “ಇದು ಬರ್ತಾ ಇದೆಯೋ ಹೋಗ್ತಾ ಇದೆಯೋ ಸಾರ್?” ಎಂದು ಒಬ್ಬ ಪೇದೆ ಕೇಳಿದರು.

ಆಗ ನಾನು ಮುಂದೆ ಬಂದು, ಬರೆದವಳು ನಾನೇ ಎಂದು ಹೇಳಿ, ಸೀಳುವ ಮತ್ತು ಕನ್ನಡಿಯ ವಿಷಯ ವಿವರಿಸಿದೆ. ಅಧಿಕಾರಿಗಳು ನಂಬಲಿಲ್ಲ. ಅರ್ಧ ವಸ್ತುವನ್ನು ಪೂರ್ತಿ ಎಂದು ನಂಬುವ ಕಂಪ್ಯೂಟರು ಇರಲಾರದು ಎಂದರು. ಠಾಣೆಯ ಬಾಗಿಲಲ್ಲಿ ಟೋಪಿ ಸರಿಮಾಡಿಕೊಳ್ಳಲು ಹಾಕಿರುವ ನಿಲುವುಗನ್ನಡಿಯನ್ನು ತರಿಸಬೇಕೆಂದು ಕೇಳಿಕೊಂಡೆ. ಇಬ್ಬರು ಅದನ್ನು ಹೊತ್ತು ತಂದು, ಮೊದಲಿನ ಎಡಭಾಗದ ಸೀಳಿದ ಕಡೆಗೆ ಆನಿಸಿ ಹಿಡಿದರು. ಅಧಿಕಾರಿಗಳು ಎದುರಿಗೆ ಬಂದು ನೋಡಿದರು. ಎರಡು ಕಣ್ಣು, ಎರಡು ರೆಕ್ಕೆ, ಇಡೀ ಕೊಕ್ಕು, ಪೂರ್ತಿ ಬಾತುಕೋಳಿ ಅಂಗಳದಲ್ಲಿ ನಿಂತಿತ್ತು. ಅವರು ಒಮ್ಮೆ ಕನ್ನಡಿಯ ಹಿಂದೆ ಇಣುಕಿ ನೋಡಿದರು. ಆಮೇಲೆ ನನಗೆ ಕುರ್ಚಿ ಹಾಕಿಸಿದರು.

ಈ ಹೇಳಿಕೆ ಬರೆದುಕೊಳ್ಳುವ ಮುಂಚೆ ಅಧಿಕಾರಿಗಳು ಒಂದು ಮಾತು ತಿಳಿಸಿದರು. “ನೋಡಮ್ಮ, ಇದನ್ನ ಬರ್ಕೊಂಡ್ರೆ ನಿಮ್ಮ ಆಫೀಸಿಗೆ ಹೋಗಿ ಆ ಚಿತ್ರ ಅಲ್ಲಿದೆಯಾ ಅಂತ ನೋಡ್ಲೇಬೇಕಾಗುತ್ತೆ. ಯೋಚನೆ ಮಾಡು.” ಯೋಚನೆ ಮಾಡುವುದಕ್ಕೆ ಏನೂ ಇಲ್ಲ, ಹೋಗಿ ನೋಡಿ, ಪಂಪ್ ಎಂಬ ಹೆಸರಿನಲ್ಲಿ ಇಟ್ಟಿದ್ದೇನೆ ಎಂದೆ. ಕೆಲಸ ಹೋದರೆ ನನಗೆ ಬೇಜಾರಾಗುತ್ತದೆ. ಆ ಕೆಲಸ ನನಗೆ ಇಷ್ಟ. ಆದರೆ ಇಲ್ಲದ ಬಾತುಕೋಳಿಯ ಕಳ್ಳ ಎಂದು ಅಪ್ಪ ಆ ಬೆಂಚಿನ ಮೇಲೆ ಬುತ್ತಿ ಬಿಚ್ಚುವುದನ್ನು ನೋಡಿಕೊಂಡು ನಾನು ಪಂಪು ಬರೆಯಲಾರೆ. ಭಾನುವಾರದೊಳಗೆ ಬಲಭಾಗ ಮಾಡಿಕೊಡಲು ಭಾವ ಒಪ್ಪಿದ್ದಾರೆ. ಈ ಸಲ ನಾನೇ ಪಕ್ಕದಲ್ಲಿ ನಿಂತು ತೋರಿಸುತ್ತೇನೆ. ನನಗೆ ಆಗ ಬಿಡುವೂ ಇರಬಹುದು.

ಇಷ್ಟನ್ನು ಪೇದೆಯವರು ಗಟ್ಟಿಯಾಗಿ ಓದಿ ಹೇಳಿದರು. ಓದುತ್ತಿರುವಾಗ ದೊಡ್ಡಮೇಷ್ಟ್ರು ಬಂದು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಅಂಗಳದ ಎರಡು ಎಡಭಾಗಗಳನ್ನು ಬೆರಳಿನಲ್ಲಿ ಎಣಿಸಿ, “ಎಡಗಡೇದು ಎರಡಿದೆ ಅಂದ್ಮೇಲೆ ಬಲಗಡೇದೂ ಎರಡಿರಬೇಕು. ಲೆಕ್ಕ ಲೆಕ್ಕವೇ. ಕಾಣೆಯಾಗಿರೋದು ಈಗ ಒಂದಲ್ಲ, ಎರಡು. ಹಾಗಂತ ತಿದ್ಕೊಳ್ಳಿ,” ಎಂದರು. ಅಧಿಕಾರಿಗಳು ನನಗೆ ಸಹಿ ಹಾಕಿ ತಂದೆಯವರನ್ನು ಕರೆದುಕೊಂಡು ಹೋಗಲು ಹೇಳಿ ಪೆನ್ನು ಕೊಟ್ಟರು.

ಆಗ ನಮ್ಮ ತಂದೆಯವರು ಬೆಂಚಿನಿಂದ ಎದ್ದು ಬಂದು, ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು, “ಸಾಹೇಬ್ರೇ, ಇವಳು ಹೇಳಿದ್ದು ಒಂದೂ ನಿಜ ಅಲ್ಲ. ಇವಳಿಗೆ ಬಾತುಕೋಳಿ ಬರೆಯೋಕ್ಕೆ ಬರಲ್ಲ. ಎರಡು ಅಂದ್ರೆ ಎರಡೇ ಆಗ್ಲಿ. ಎರಡೂ ನಾನೇ ಕದ್ದಿದ್ದು,” ಎಂದರು.

ಅವರ ಕೈಯಿಂದ ಪೆನ್ನು ಬಿಡಿಸಿಕೊಂಡು ಬರೆಯುತ್ತಿದ್ದೇನೆ. ನಮ್ಮ ಅಪ್ಪ ಕೊನೆಗೆ ಆಡಿದ ಮಾತೊಂದನ್ನು ಬಿಟ್ಟು, ಮೇಲೆ ಬರೆಸಿದ್ದೆಲ್ಲವೂ ನಿಜ. ಓದಿಸಿ ಕೇಳಿದ್ದೇನೆ, ಸರಿಯಾಗಿದೆ.

ಸ್ಥಳ: ಠಾಣೆಯ ಒಳಗಿನ ಕೋಣೆ
ದಿನ: ಗುರುವಾರ, ಮಧ್ಯಾಹ್ನ
ಸಹಿ: ಬರೆದವಳು